ಹತ್ತು ನಿಮಿಷದ ಮಾತಿಗೊಂದು ಕೋಣೆ

ಧಾರವಾಡದ ಹತ್ತಿರದ ಒಂದು ಊರಿನಲ್ಲಿ ನನ್ನ ಅಂಗಡಿ ಇದೆ. ಆಂಪ್ಲಿಫೈಯರ್, ಮೈಕು, ಸ್ಪೀಕರ್ ರಿಪೇರಿ ನನ್ನ ಕೆಲಸ. ಜಾತ್ರೆ, ಮದುವೆ, ಭಜನೆ, ಎಲ್ಲಿ ಸೌಂಡು ಕೆಟ್ಟರೂ ನನ್ನ ಬೆಂಚಿಗೇ ಬರುತ್ತದೆ. ಆದರೆ ಈಗ ಬರೆಯುತ್ತಿರುವ ಕೆಲಸವನ್ನು ಗಿರಾಕಿ ಯಾರೂ ತಂದುಕೊಟ್ಟಿದ್ದಲ್ಲ. ಅದು ನನ್ನ ಮಗಳಿಂದ ಶುರುವಾಯಿತು.

2023ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ಮಗಳಿಗೆ ಅದು ಬಾಯಿಪಾಠ. ಒಂದು ಸಂಜೆ ನಾನು ಬೆಸುಗೆ ಹಾಕುತ್ತಾ ಕೂತಿದ್ದಾಗ ಕೇಳಿದಳು.

"ಅಪ್ಪಾ, ಭ್ರಾತೃತ್ವ ಅಂದ್ರ ಏನು?"

"ಅಣ್ಣತಮ್ಮಂದಿರ ಹಂಗ ಎಲ್ಲಾರೂ ಕೂಡಿ ಇರೋದು."

"ಮತ್ತ ಅಕ್ಕತಂಗಿಯರು?"

ಉತ್ತರ ಹೇಳಲು ಬಾಯಿ ತೆರೆದೆ, ಮಾತು ಬರಲಿಲ್ಲ. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ. ನಾಲ್ಕೂ ದೊಡ್ಡ ಮಾತು. ನಮ್ಮ ಊರಲ್ಲಿ ಅವುಗಳನ್ನು ದಿನಾ ಮುಟ್ಟಿ ನೋಡಿದವರು ಇದ್ದಾರೆ, ಅವರನ್ನೇ ಕೇಳಬೇಕು ಅನ್ನಿಸಿತು. ಒಬ್ಬೊಬ್ಬರಿಗೆ ಒಂದೊಂದೇ ಮಾತು, ಹತ್ತೇ ನಿಮಿಷ. ರೆಕಾರ್ಡ್ ಮಾಡಿ ಭಾನುವಾರ ಸಂಜೆ ಗ್ರಂಥಾಲಯದಲ್ಲಿ ಮಕ್ಕಳಿಗೆ ಕೇಳಿಸುವುದು.

ಮಾತಾಡಿಸುವ ಕೆಲಸಕ್ಕೆ ನಿವೃತ್ತ ಅಕ್ಕೋರು ಒಬ್ಬರು ಒಪ್ಪಿದರು. ನನಗೆ ಮೂರನೇ ಇಯತ್ತೆ ಕಲಿಸಿದವರು. ಪಂಚಾಯ್ತಿ ಗ್ರಂಥಾಲಯದ ಹಿಂದೆ ಹಳೇ ಕುರ್ಚಿ, ರದ್ದಿ ಪೇಪರ್ ತುಂಬಿದ್ದ ಒಂದು ಕೋಣೆ ಇತ್ತು. ಅದನ್ನು ಖಾಲಿ ಮಾಡಿಕೊಳ್ಳಲು ಅನುಮತಿ ಸಿಕ್ಕಿತು.

ಕೋಣೆ

8 ಅಡಿ ಅಗಲ, 10 ಅಡಿ ಉದ್ದ. ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಗೆ ನುಣ್ಣನೆ ಸಿಮೆಂಟು, ಮೇಲೆ ಹಂಚು. ನಡುವೆ ನಿಂತು ಒಂದು ಚಪ್ಪಾಳೆ ಹೊಡೆದೆ. ಟಪ್ ಅನ್ನುವುದರ ಹಿಂದೆಯೇ ಟರ್‌ರ್ ಅಂತ ಸಣ್ಣ ಸದ್ದು ಓಡಿತು. ಎದುರುಬದುರಾಗಿರುವ ಎರಡು ಗಟ್ಟಿ ಗೋಡೆಗಳು ಸದ್ದನ್ನು ಚೆಂಡಿನ ಹಾಗೆ ಆಚೆ ಈಚೆ ಎಸೆಯುತ್ತವೆ. ಕಿವಿ ಅದನ್ನು ಬೇಗ ಮರೆಯುತ್ತದೆ, ಮೈಕು ಮರೆಯುವುದಿಲ್ಲ. ರೆಕಾರ್ಡಿನಲ್ಲಿ ಮಾತು ಕೊಡಪಾನದೊಳಗಿಂದ ಬಂದ ಹಾಗೆ ಕೇಳುತ್ತದೆ.

ಅಂಗಡಿಯಲ್ಲಿ ಸಿಗುವ ಫೋಮ್ ಹಾಳೆ ನನಗೆ ಬೇಡವಾಗಿತ್ತು. ತೆಳ್ಳನೆಯ ಫೋಮು ಬರೀ ಕೀಚಲು ಸದ್ದನ್ನು ತಿನ್ನುತ್ತದೆ, ಗಂಡಸರ ದನಿಯ ದಪ್ಪ ಸದ್ದನ್ನು ಹಾಗೇ ಬಿಡುತ್ತದೆ. ನಮ್ಮ ಕಡೆ ಅದಕ್ಕಿಂತ ಒಳ್ಳೆಯ ವಸ್ತು ಮನೆಮನೆಯಲ್ಲಿದೆ, ಕೌದಿ. ಹಳೇ ಸೀರೆ, ಧೋತರ, ಲಂಗ ಎಲ್ಲ ಪದರ ಪದರವಾಗಿ ಸೇರಿಸಿ ಹೊಲಿದದ್ದು. ದಪ್ಪ ಇದೆ, ತೂಕ ಇದೆ. ಮನೆಯಲ್ಲಿ ಎರಡು ಇದ್ದವು. ಇನ್ನೂ ನಾಲ್ಕನ್ನು ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಒಬ್ಬ ಅಜ್ಜಿಯಿಂದ ತಂದೆ. ಅವರು ಅದಕ್ಕೆ ಕವಂದಿ ಅನ್ನುತ್ತಾರೆ. ಈ ಅಜ್ಜಿಯ ಮಾತು ಮುಂದೆ ಬರುತ್ತದೆ.

ಕೌದಿಯನ್ನು ಗೋಡೆಗೆ ಅಂಟಿಸಿ ತೂಗು ಹಾಕಬಾರದು. ಗೋಡೆಯಿಂದ ನಾಲ್ಕು ಇಂಚು ದೂರಕ್ಕೆ ಬಿದಿರಿನ ಗಳ ಕಟ್ಟಿ ಅದರ ಮೇಲೆ ಇಳಿಬಿಟ್ಟೆ. ಹಿಂದೆ ಗಾಳಿಗೆ ಜಾಗ ಇದ್ದರೆ ಅದೇ ಕೌದಿ ಇನ್ನೂ ಕೆಳಗಿನ ದನಿಯನ್ನೂ ಹೀರುತ್ತದೆ. ಗಳಕ್ಕೆ ಕಟ್ಟಲು ಹಗ್ಗ ತೂರಿಸಬೇಕಿತ್ತು. ಅದಕ್ಕೆ ನಾಲ್ಕೂ ಕವಂದಿಗಳ ಮೇಲಿನ ಮೂಲೆಗಳನ್ನು ಕತ್ತರಿಸಿ ತೂತು ಮಾಡಿದೆ. ಮತ್ತೆ ಚಪ್ಪಾಳೆ ಹೊಡೆದರೆ ಬರೀ ಟಪ್, ಅಷ್ಟೇ. ಅಕ್ಕೋರು ಒಳಗೆ ಬಂದು ಒಂದು ಮಾತಾಡಿ ಸುಮ್ಮನಾದರು. "ಏನಪ್ಪಾ, ನನ್ನ ದನಿ ನನ್ನ ಹತ್ತಿರಾನೇ ನಿಂತಂಗ ಆತು" ಅಂದರು.

ಫ್ಯಾನ್ ಹಾಕುವಂತಿಲ್ಲ. ಹಂಚು ಕಾಯುವ ಮೊದಲು, ಬೆಳಗ್ಗೆ 10ರ ಒಳಗೆ ಕೆಲಸ ಮುಗಿಸುವುದು ಅಂತ ನಿಯಮ ಮಾಡಿಕೊಂಡೆವು. ಪಾರಿವಾಳಗಳಿಗೆ ಮಾತ್ರ ನಾನು ಏನೂ ಮಾಡಲಾಗಲಿಲ್ಲ.

ಗುಂಯ್ ಅನ್ನುವ ಸದ್ದು

ಮೈಕು ಎರಡು, ಎರಡೂ ಡೈನಮಿಕ್, ಅಂದರೆ ಹೊರಗಿನ ಕರೆಂಟ್ ಬೇಡದವು. ಸೂಕ್ಷ್ಮ ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಕೊಡಬೇಕು. ಮೇಲಾಗಿ ಅದು ಬೀದಿಯಲ್ಲಿ ಹೋಗುವ ಟ್ರ್ಯಾಕ್ಟರನ್ನೂ ಒಳಗೆ ಕರೆದುಕೊಂಡು ಬರುತ್ತದೆ. ಡೈನಮಿಕ್ ಮೈಕಿಗೆ ಎದುರಿನ ದನಿ ಸಾಕು.

ಮೊದಲ ರೆಕಾರ್ಡಿಂಗ್‌ನಲ್ಲಿ ಮಾತಿನ ಕೆಳಗೆ ಒಂದೇ ಸಮ ಗುಂಯ್. ಕರೆಂಟಿನ 50 ಹರ್ಟ್ಸ್. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದೆ, ಅರ್ಧ ಇಳಿಯಿತು. ಉಳಿದರ್ಧ ಎಡಗಡೆ ಮೈಕಿನಲ್ಲಿ ಮಾತ್ರ ಇತ್ತು. ಮೈಕಿನ ಮೈ ಮುಟ್ಟಿದರೆ ಸದ್ದು ಬದಲಾಗುತ್ತಿತ್ತು. ಹೀಗಾದರೆ ಕೇಬಲ್ಲಿನ ಮೇಲೇ ಅನುಮಾನ ಪಡಬೇಕು. ಮೈಕ್ ಕೇಬಲ್ಲಿನ ತುದಿಯಲ್ಲಿ ಎಕ್ಸ್‌ಎಲ್‌ಆರ್ ಅನ್ನುವ ಮೂರು ಪಿನ್ನಿನ ಕನೆಕ್ಟರ್ ಇರುತ್ತದೆ. ಅದರಲ್ಲಿ 1ನೇದು ಹೊರಗಿನ ಜಾಲರಿ, 2 ಮತ್ತು 3 ದನಿಯ ತಂತಿ. ಆ ಎರಡು ತಂತಿಗಳಲ್ಲಿ ಒಂದೇ ದನಿ ಉಲ್ಟಾ ಸುಲ್ಟಾ ಆಗಿ ಹೋಗುತ್ತದೆ. ದಾರಿಯಲ್ಲಿ ಸೇರಿಕೊಂಡ ಕಸ ಎರಡರಲ್ಲೂ ಒಂದೇ ಥರ ಇರುವುದರಿಂದ ಕೊನೆಗೆ ಒಂದನ್ನೊಂದು ಹೊಡೆದುಹಾಕುತ್ತವೆ. ಆದರೆ ಜಾಲರಿ ಕಡಿದಿದ್ದರೆ ಆ ಕಾವಲೇ ಇಲ್ಲ.

ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, 1ನೇ ಪಿನ್ನುಗಳಿಗೆ ಹಿಡಿದು ಕೇಬಲ್ಲನ್ನು ಮೆಲ್ಲಗೆ ಅಲ್ಲಾಡಿಸುತ್ತಾ ಹೋದೆ. ಒಂದು ತುದಿಯಲ್ಲಿ ಬೀಪ್ ಬಿಟ್ಟು ಬಿಟ್ಟು ಬಂತು. ಬಿಚ್ಚಿದರೆ ಬೆಸುಗೆ ಬೂದು ಬಣ್ಣಕ್ಕೆ ತಿರುಗಿ ಸೀಳಿತ್ತು. ಹಳೆಯದನ್ನು ಪೂರ್ತಿ ತೆಗೆದು, ತುದಿಗೆ ಹೊಸದಾಗಿ ತವರ ಹಿಡಿಸಿ, ಮತ್ತೆ ಕೂಡಿಸಿದೆ. ಬೆಸುಗೆ ತಣ್ಣಗಾಗುವವರೆಗೆ ಕೈ ಅಲುಗಬಾರದು. ಅಲುಗಿದರೆ ನೋಡಲು ಹಿಡಿದ ಹಾಗೆ ಕಾಣುತ್ತದೆ, ಆರು ತಿಂಗಳಿಗೆ ಬಿಡುತ್ತದೆ. ಗುಂಯ್ ಪೂರ್ತಿ ನಿಂತಿತು. ಅಂದಿನಿಂದ ರೆಕಾರ್ಡರನ್ನೂ ಪವರ್ ಬ್ಯಾಂಕಿನಿಂದಲೇ ನಡೆಸುತ್ತಿದ್ದೇವೆ.

ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ಎರಡು ಟ್ರ್ಯಾಕು. ಹತ್ತು ನಿಮಿಷಕ್ಕೆ ಸುಮಾರು 173 ಎಂಬಿ. ದನಿಯ ಮಟ್ಟ ತೋರಿಸುವ ಮುಳ್ಳು ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಅದಕ್ಕೆ ಜೋರು ಮಾತಿಗೂ ಅದು ಮೈನಸ್ 12 ಡೆಸಿಬಲ್ ದಾಟದ ಹಾಗೆ ಇಡುತ್ತೇನೆ. ಜನ ನಕ್ಕರೆ, ಅತ್ತರೆ ದನಿ ಒಮ್ಮೆಗೇ ಏರುತ್ತದೆ. ಅದಕ್ಕೆ ಮೇಲೆ ಜಾಗ ಬಿಟ್ಟಿರಬೇಕು.

ಮೊದಲ ಅತಿಥಿ, ಎರಡು ದೋಷ

ಮೊದಲು ಬಂದವರು ಒಬ್ಬ ಆಟೊ ಓಡಿಸುವ ಅಣ್ಣ. ಬಸ್ ಸ್ಟ್ಯಾಂಡಿನಲ್ಲಿ ಅವರ ಮಾತು ಕೇಳಲು ಜನ ನಿಲ್ಲುತ್ತಾರೆ. ಇಲ್ಲಿ ಮೈಕು ತುಟಿಯಿಂದ ನಾಲ್ಕು ಬೆರಳು ದೂರ ಇತ್ತು. ಅಕ್ಕೋರು "ಸಮಾನತೆ ಅಂದ್ರೆ ನಿಮ್ಮ ಪ್ರಕಾರ ಏನು?" ಅಂತ ಕೇಳಿದರು. ಅಣ್ಣ ಎದೆ ಸೆಟೆದು, ಆಗಸ್ಟ್ 15ರ ಭಾಷಣದ ಹಾಗೆ ಮೂರು ನಿಮಿಷ ಮಾತಾಡಿ ನಿಲ್ಲಿಸಿಬಿಟ್ಟರು. ಅವರದಲ್ಲದ ಮಾತು, ಅವರದಲ್ಲದ ದನಿ. ಹೊರಗೆ ಬಂದು ಚಹಾ ಕುಡಿಯುವಾಗ ಹೇಳಿದರು, "ಬಾಯಿ ಮುಂದ ಮೈಕ್ ಇದ್ರ ಪೊಲೀಸ್ರು ಕೇಳಿದಂಗ ಆಗತೈತಿ."

ಅಂದು ರಾತ್ರಿ ಅಕ್ಕೋರು, ನಾನು ಕೂತು ರೆಕಾರ್ಡಿಂಗ್ ಮೂರು ಸಲ ಕೇಳಿದೆವು. ಮೈಕಿನ ದೋಷ ಸುಲಭವಾಗಿ ಹೋಯಿತು. ಒಂದು ಗೇಣು ದೂರಕ್ಕೆ, ಗದ್ದಕ್ಕಿಂತ ಕೆಳಗೆ, ಓರೆಯಾಗಿ ಇಟ್ಟೆ. ದೂರ ಎರಡರಷ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಅದನ್ನು ಸರಿದೂಗಿಸಲು ಗೇನ್, ಅಂದರೆ ದನಿ ಹಿಗ್ಗಿಸುವ ಮಟ್ಟ, ಏರಿಸಿದರೆ ಕೋಣೆಯ ಸದ್ದೂ ಜೊತೆಗೇ ಏರುತ್ತದೆ. ಕೌದಿಗಳು ಇದ್ದದ್ದರಿಂದ ಇದು ನಡೆಯಿತು. ಬರೀ ಗೋಡೆ ಇದ್ದಿದ್ದರೆ ನಡೆಯುತ್ತಿರಲಿಲ್ಲ.

ಎರಡನೇ ದೋಷ ಪ್ರಶ್ನೆಯದು. ನನಗೆ ಇದು ಕೇಬಲ್ಲಿನಷ್ಟೇ ಸ್ಪಷ್ಟವಾಗಿ ಕೇಳಿಸಿತು. ದೊಡ್ಡ ಮಾತನ್ನು ಹಾಗೇ ಮುಂದಿಟ್ಟರೆ ಜನ ಪುಸ್ತಕದಲ್ಲಿದ್ದದ್ದನ್ನು ಹೇಳುತ್ತಾರೆ. ಅವರ ಕೈಗೆ ಸಿಗುವ ಹಾಗೆ ಕೇಳಬೇಕು. "ನಿಮ್ಮ ಮನ್ಯಾಗ ಮೊದಲ ಉಣ್ಣೋರು ಯಾರು?" ಅಂತ ಕೇಳಿದರೆ ಸಮಾನತೆ ತಾನೇ ಬಂದು ಕೂರುತ್ತದೆ. ಆಮೇಲೆ ಅಕ್ಕೋರು ಇನ್ನೊಂದು ಸೇರಿಸಿದರು. ಬರುವವರು ತಮ್ಮ ದಿನದ ಬಳಕೆಯ ಒಂದು ವಸ್ತು ತರಬೇಕು. ಮಾತು ಅದರಿಂದ ಶುರು.

ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ 2003ರಲ್ಲಿ ಸ್ಟೋರಿಕಾರ್ಪ್ಸ್ ಸಂಸ್ಥೆಯವರು ಇಂಥ ಪುಟ್ಟ ಕೋಣೆ ತೆರೆದರು. ಗುರುತಿನವರಿಬ್ಬರು ಎದುರುಬದುರು ಕೂತು 40 ನಿಮಿಷ ಮಾತಾಡಿ ಹೋಗುವುದು. ಒಳ್ಳೆಯ ಕೆಲಸ. ಆದರೆ ನನಗೆ ಧೈರ್ಯ ಕೊಟ್ಟದ್ದು ಹತ್ತಿರದ್ದೇ. 12ನೇ ಶತಮಾನದ ಕಲ್ಯಾಣದಲ್ಲಿ ಅಂಬಿಗ, ಚಮ್ಮಾರ, ಹಗ್ಗ ಹೊಸೆಯುವವ, ಅಕ್ಕಿ ಆಯುವ ಹೆಣ್ಣುಮಗಳು, ಎಲ್ಲರೂ ತಮ್ಮ ಕೆಲಸದ ಮಾತಿನಲ್ಲೇ ದೊಡ್ಡದನ್ನು ಹೇಳಿದರು. ಆಯ್ದಕ್ಕಿ ಮಾರಯ್ಯ ಅಂದಿನ ಹೊಟ್ಟೆಗೆ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ವಾಪಸ್ ಸುರಿದು ಬರಲು ಹೇಳಿದಳು. ಆಸೆಯ ಬಗ್ಗೆ ಅಷ್ಟು ದೊಡ್ಡ ಮಾತು ಹೊರಟದ್ದು ಒಂದು ಹಿಡಿ ಅಕ್ಕಿಯಿಂದ.

ಟೈಮರ್

ಹತ್ತು ನಿಮಿಷ ಅಂತ ಗೊತ್ತಾಗಲು ಮೊದಲು ಫೋನಿನ ಅಲಾರಾಂ ಇಟ್ಟಿದ್ದೆ. ಎರಡನೇ ಅತಿಥಿಯ ಮಾತು ಮುರಿದದ್ದು ಅದರಿಂದಲೇ. ಅವರು 1987ರಲ್ಲಿ ಮಂಡಲ ಪಂಚಾಯ್ತಿಗೆ (ಈಗಿನ ಗ್ರಾಮ ಪಂಚಾಯ್ತಿಯ ಹಿಂದಿನ ರೂಪ) ಆರಿಸಿ ಬಂದ ಹೆಣ್ಣುಮಗಳು. 1983ರ ಕಾಯ್ದೆಯಲ್ಲಿ ಕರ್ನಾಟಕ ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಶೇಕಡಾ 25 ಸೀಟು ಮೀಸಲಿಟ್ಟಿತ್ತು. 1987ರ ಚುನಾವಣೆಯಲ್ಲಿ ಅದು ಜಾರಿಗೆ ಬಂತು. ಇಡೀ ದೇಶಕ್ಕೆ ಇಂಥ ಮೀಸಲಿನ ನಿಯಮ ಬಂದದ್ದು 1993ರಲ್ಲಿ. ಅವರ ಮಾತು "ನ್ಯಾಯ."

"ಕುರ್ಚಿ ನನ್ನ ಹೆಸರಿಂದು. ಕೂಡಾಂವ ಮನೆಯವ್ರು. ನಾ ಬಾಗಲದಾಗ ನಿಂದರತಿದ್ದೆ" ಅಂದರು. "ಒಂದು ದಿನ ಅವ್ರಿಗೆ ಜ್ವರ ಬಂದಿತ್ತು. ನಾ ಒಬ್ಬಾಕೆನ ಹೋದೆ. ಕುರ್ಚಿ ಖಾಲಿ ಇತ್ತು. ನಾ..." ಅಷ್ಟರಲ್ಲಿ ಅಲಾರಾಂ. ಆಮೇಲೆ ಎಷ್ಟು ಕೇಳಿದರೂ ಆ ಮಾತು ಅದೇ ಜಾಗಕ್ಕೆ ಬರಲಿಲ್ಲ. "ಕೂತೆ, ಅಷ್ಟ" ಅಂತ ಮುಗಿಸಿಬಿಟ್ಟರು. ನನಗೆ ತುಂಬಾ ನೋವಾಯಿತು. ಸದ್ದು ಮಾಡದ, ಬರೀ ಬೆಳಕು ಹತ್ತುವ ಟೈಮರ್ ಬೇಕು ಅಂತ ಅಂದೇ ಕೂತೆ.

ಮೊದಲು ಸಮಯ ಅಳೆಯುವ 555 ಐಸಿ ಹಾಕಿದೆ. ರೆಸಿಸ್ಟರ್ ಮೂಲಕ ಕರೆಂಟ್ ಮೆಲ್ಲಗೆ ಬಂದು ಕೆಪ್ಯಾಸಿಟರ್ ಅನ್ನುವ ತೊಟ್ಟಿ ತುಂಬಿದಾಗ ಸಮಯ ಮುಗಿಯುತ್ತದೆ. ಸಮಯದ ಲೆಕ್ಕ 1.1 ಗುಣಿಸು ರೆಸಿಸ್ಟರ್ ಗುಣಿಸು ಕೆಪ್ಯಾಸಿಟರ್. 470 ಮೈಕ್ರೊಫ್ಯಾರಡ್ ಮತ್ತು 1.2 ಮೆಗಾ ಓಮ್ ಹಾಕಿದರೆ 620 ಸೆಕೆಂಡ್ ಬರಬೇಕು. ಬಂದದ್ದು ಸುಮಾರು 14 ನಿಮಿಷ. ಮಾರನೇ ದಿನ ದೀಪ ಹತ್ತಲೇ ಇಲ್ಲ. ತಪ್ಪು ಐಸಿಯದಲ್ಲ. ಹಳೇ ಆಂಪ್ಲಿಫೈಯರಿನಿಂದ ಕಿತ್ತ ಕೆಪ್ಯಾಸಿಟರ್ ಒಳಗೊಳಗೇ ಸೋರುತ್ತಿತ್ತು. ಅಷ್ಟು ದೊಡ್ಡ ರೆಸಿಸ್ಟರ್ ಮೂಲಕ ಕೊನೆಗೆ ಬರುವ ಕರೆಂಟ್ ಎರಡೂವರೆ ಮೈಕ್ರೊಆಂಪಿಯರ್. ಸೋರುವುದೂ ಅಷ್ಟೇ ಇದ್ದರೆ ತೊಟ್ಟಿ ತುಂಬುವುದು ಯಾವಾಗ?

ಹೊಸ ಕೆಪ್ಯಾಸಿಟರ್ ಹಾಕಬಹುದಿತ್ತು, ಆದರೆ ಎಲೆಕ್ಟ್ರೊಲಿಟಿಕ್ ಅನ್ನುವ ಈ ದೊಡ್ಡ ಜಾತಿಯ ಕೆಪ್ಯಾಸಿಟರ್ ನಂಬಿ ಇಷ್ಟು ಉದ್ದದ ಸಮಯ ಅಳೆಯುವುದು ನನಗೆ ಸರಿ ಕಾಣಲಿಲ್ಲ. 4060 ಐಸಿಗೆ ಬದಲಾಯಿಸಿದೆ. ಇದು ತಾನೇ ಸಣ್ಣ ಸಣ್ಣ ಮಿಡಿತ ಹುಟ್ಟಿಸಿ, ತಾನೇ ಎಣಿಸುತ್ತದೆ. 8192 ಮಿಡಿತ ಆದಮೇಲೆ 3ನೇ ಪಿನ್ನಿಗೆ ವೋಲ್ಟ್ ಬರುತ್ತದೆ. 600 ಸೆಕೆಂಡಿಗೆ ಒಂದು ಮಿಡಿತ ಸುಮಾರು 73 ಮಿಲಿಸೆಕೆಂಡ್ ಇರಬೇಕು. ಅದಕ್ಕೆ 0.1 ಮೈಕ್ರೊಫ್ಯಾರಡ್‌ನ ಪುಟ್ಟ ಪಾಲಿಯೆಸ್ಟರ್ ಕೆಪ್ಯಾಸಿಟರ್ ಸಾಕು, ಅದು ಸೋರುವುದಿಲ್ಲ. ಜೊತೆಗೆ 220 ಕಿಲೋ ಓಮ್ ರೆಸಿಸ್ಟರ್ ಮತ್ತು ತಿರುಗಿಸಿ ಹೊಂದಿಸಲು 220 ಕಿಲೋದ ಪ್ರೀಸೆಟ್. 3ನೇ ಪಿನ್ನಿನಿಂದ 11ನೇ ಪಿನ್ನಿಗೆ ಒಂದು 1ಎನ್4148 ಡಯೋಡ್. ದೀಪ ಹತ್ತಿದ ಕೂಡಲೇ ಎಣಿಕೆ ನಿಲ್ಲಲಿ ಅಂತ. 12ನೇ ಪಿನ್ನಿಗೆ ರೀಸೆಟ್ ಬಟನ್. 9 ವೋಲ್ಟಿನ ಬ್ಯಾಟರಿ. ಗಡಿಯಾರ ಹಿಡಿದು ಐದು ಸಲ ಹೊಂದಿಸಿದೆ, 10 ನಿಮಿಷಕ್ಕೆ ಬಂದು ನಿಂತಿತು.

ದೀಪ ಹಸಿರು, ಕೆಂಪು ಬೇಡ ಅಂದೆ. ಅದನ್ನು ಅತಿಥಿಯ ಹಿಂದೆ, ಅಕ್ಕೋರಿಗೆ ಮಾತ್ರ ಕಾಣುವ ಹಾಗೆ ಇಟ್ಟೆ. ದೀಪ ಹತ್ತಿದರೂ ಮಾತು ತನ್ನ ಕೊನೆಗೆ ತಾನು ಮುಟ್ಟುವವರೆಗೆ ಅಕ್ಕೋರು ಬಿಡುತ್ತಾರೆ.

ಬಳೆ ಮತ್ತು ಚರಿಗೆ

ಗರಗ ಧ್ವಜದ ಖಾದಿ ಬಟ್ಟೆಗೆ ಹೆಸರಾದ ಊರು. ಆ ಕಡೆಯಿಂದ ನೂಲುವ ಒಬ್ಬ ಅಜ್ಜಿ ಬಂದರು, ಕೈಯಲ್ಲಿ ಒಂದು ಲಡಿ ನೂಲು. ಅವರ ಮಾತು "ಸ್ವಾತಂತ್ರ್ಯ." ಮಾತಾಡುವಾಗ ಅವರ ಕೈ ಸುಮ್ಮನಿರುವುದಿಲ್ಲ. ಗಾಜಿನ ಬಳೆ ಮೇಜಿಗೆ ತಾಗಿ ಕಿಣಿ ಕಿಣಿ, ಅದರ ಜೊತೆ ಮೇಜಿನ ದಡ್ ದಡ್ ಮೈಕ್ ಸ್ಟ್ಯಾಂಡಿಗೆ ಏರುತ್ತಿತ್ತು. ಬಳೆ ಸ್ವಲ್ಪ ತೆಗೆದಿಡಿ ಅನ್ನಬಹುದಾ ಅಂತ ಅಕ್ಕೋರ ಮುಖ ನೋಡಿದೆ. ಅವರು ತಲೆ ಅಲ್ಲಾಡಿಸಿದರು. ಅದು ಸರಿಯೇ. ಕರೆದದ್ದು ನಾವು, ಬದಲಾಗಬೇಕಾದದ್ದು ನಮ್ಮ ಮೇಜು. ಹಳೇ ಹವಾಯಿ ಚಪ್ಪಲಿಯ ರಬ್ಬರ್ ಕತ್ತರಿಸಿ ಸ್ಟ್ಯಾಂಡಿನ ಮೂರು ಕಾಲಿಗೆ ಕಟ್ಟಿದೆ, ಮೇಜಿಗೆ ಕೌದಿ ಹಾಸಿದೆ. ದಡ್ ದಡ್ ಹೋಯಿತು. ಬಳೆಯ ಸದ್ದು ಸಣ್ಣಗೆ ಉಳಿದಿದೆ, ಈಗ ಅದು ನನಗೆ ಇಷ್ಟ.

ಅಜ್ಜಿ ಹೇಳಿದ್ದು ಇಷ್ಟು. ನೂಲಿನ ಮೊದಲ ಪಗಾರ ಬಂದ ದಿನ ಯಾರನ್ನೂ ಕೇಳದೆ, ಯಾರ ಹತ್ತಿರವೂ ರೊಕ್ಕ ಬೇಡದೆ ಬಸ್ ಹತ್ತಿ ತವರಿಗೆ ಹೋಗಿ ಬಂದರು. "ಕಂಡಕ್ಟರಗ ನಾ ರೊಕ್ಕಾ ಕೊಟ್ಟೆ. ಆ ಟಿಕೀಟ ಇನ್ನೂ ಇಟ್ಟೀನಿ." 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ಬದಲಾಗಿ ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಯ ಧ್ವಜಕ್ಕೂ ಅವಕಾಶ ಆಯಿತು. ಅದನ್ನು ಅಕ್ಕೋರು ಕೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಲ್ಲಾರ ಮನಿ ಮ್ಯಾಲೂ ಹಾರಲಿ. ನೂಲೋ ಕೈ ಖಾಲಿ ಕುಂದ್ರಬಾರದು, ಅಷ್ಟ." ಆ ಮೌನ 11 ಸೆಕೆಂಡ್ ಇದೆ. ನಾನು ಕತ್ತರಿಸಿಲ್ಲ.

ಸಮಾನತೆಗೆ ಬಂದವರು ಒಬ್ಬ ಪೌರಕಾರ್ಮಿಕ ಹೆಣ್ಣುಮಗಳು. ಮೇಜಿನ ಮೇಲೆ ಸ್ಟೀಲಿನ ಚರಿಗೆ ಇಟ್ಟರು. ಕೆಲಸಕ್ಕೆ ಹೋಗುವಾಗ ದಿನಾ ಜೊತೆಗಿರುತ್ತದಂತೆ. "ನೀರು ಕೇಳಿದ್ರ ಇಲ್ಲ ಅನ್ನಂಗಿಲ್ರಿ. ಮ್ಯಾಲಿಂದ ಹಾಕ್ತಾರ. ಅದಕ್ಕ ಇದು." ಆಮೇಲೆ ಹೇಳಿದರು, "ಒಬ್ಬಾಕಿ ಮಾತ್ರ ಅಕಿ ಕುಡಿಯೋ ಲೋಟಾನ ಕೈಯಾಗ ಕೊಟ್ಟಳು. ಆ ಮನಿ ಮುಂದ ನಾ ಎರಡ ಸಲ ಕಸಬರಿಗಿ ಹೊಡೀತೀನಿ."

ಧಾರವಾಡದ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ಕ್ಕೆ. ಸಂವಿಧಾನ ಜಾರಿಗೆ ಬಂದದ್ದು ಅದೇ ತಿಂಗಳ 26ಕ್ಕೆ. ಅಸ್ಪೃಶ್ಯತೆ ಇಲ್ಲವಾಯಿತು ಅಂತ 17ನೇ ವಿಧಿ ಹೇಳಿತು. ನನ್ನ ಹೆಡ್‌ಫೋನಿನಲ್ಲಿ ಆ ಚರಿಗೆ ಮೇಜಿಗೆ ಮುಟ್ಟಿದ ಸದ್ದು ಕೇಳುವಾಗ ಈ ಎರಡು ತಾರೀಖುಗಳ ನೆನಪಾಯಿತು. ರೇಡಿಯೊ ದನಿ ಊರೂರಿಗೆ ಮುಟ್ಟಿ ಇಷ್ಟು ವರ್ಷ ಆಯಿತು, ಲೋಟ ಕೈಯಿಂದ ಕೈಗೆ ಇನ್ನೂ ಮುಟ್ಟಿಲ್ಲ. ನನಗೆ ಆ ದಿನ ಅಂಗಡಿ ತೆಗೆಯಲು ಮನಸ್ಸಾಗಲಿಲ್ಲ.

ನಮ್ಮಲ್ಲಿ ಒಂದು ನಿಯಮ ಇದೆ. ಮುಗಿದ ಕೂಡಲೇ ಅತಿಥಿಗೆ ಹೆಡ್‌ಫೋನ್ ಕೊಟ್ಟು ಪೂರ್ತಿ ಕೇಳಿಸುತ್ತೇವೆ. ಬೇಡ ಅಂದದ್ದನ್ನು ಅವರ ಎದುರಿಗೇ ಅಳಿಸುತ್ತೇವೆ, ಕಾಪಿ ಇಟ್ಟುಕೊಳ್ಳುವುದಿಲ್ಲ. ಚರಿಗೆ ತಂದ ಹೆಣ್ಣುಮಗಳು ಕೇಳುತ್ತಾ ಒಂದು ಕಡೆ ಕೈ ಎತ್ತಿದರು. 40 ಸೆಕೆಂಡ್ ಹೋಯಿತು. ಬಹಳ ಗಟ್ಟಿ ಮಾತು ಅದು. ಆದರೆ ಮಾರನೇ ದಿನ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವರು ಅವರು.

ಕೊನೆಯ ರಿಪೇರಿ

ಭ್ರಾತೃತ್ವಕ್ಕೆ ಸಿದ್ದಿ ಅಜ್ಜಿಯನ್ನು ಕರೆದಿದ್ದೆವು. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು. ತಲೆತಲಾಂತರದಿಂದ ಇಲ್ಲಿನ ಕಾಡು, ಗದ್ದೆಗಳಲ್ಲಿ ದುಡಿದವರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಮಗಳೂ ಅವತ್ತು ಕೋಣೆಯಲ್ಲಿದ್ದಳು, ಮಾತಾಡಿಸುವ ಕೆಲಸ ಅವಳಿಗೇ ಬಿಡುತ್ತೇನೆ ಅಂದರು ಅಕ್ಕೋರು.

ಅಜ್ಜಿ ಒಳಗೆ ಬಂದು ಕುರ್ಚಿಯಲ್ಲಿ ಕೂರಲೇ ಇಲ್ಲ. ಸೀದಾ ಗೋಡೆಯ ಹತ್ತಿರ ಹೋಗಿ ಕವಂದಿಯ ಮೂಲೆ ಹಿಡಿದರು. ನಾನು ಕತ್ತರಿಸಿದ ಮೂಲೆ. ಅಲ್ಲಿ ತ್ರಿಕೋನವಾಗಿ ಮಡಿಸಿ ಹೊಲಿದ ಬಟ್ಟೆಯ ಹೂವು ಇತ್ತಂತೆ. ಪ್ರತಿ ಮೂಲೆಗೂ ಒಂದೊಂದು. ನನಗೆ ಅದು ಬರೀ ದಪ್ಪ ಗಂಟಿನ ಹಾಗೆ ಕಂಡಿತ್ತು, ಕತ್ತರಿ ಹೋಗದೆ ಕಷ್ಟಪಟ್ಟಿದ್ದೆ.

"ಹೂವು ಇಲ್ಲ ಅಂದ್ರೆ ಕವಂದಿ ಬತ್ತಲೆ ಅಪ್ಪಾ" ಅಂದರು. ಬೈಯಲಿಲ್ಲ. ನಾನು ತಪ್ಪಾಯಿತು ಅಂದೆ. ಅವರು ಸೊಂಟದ ಚೀಲದಿಂದ ಸೂಜಿ ದಾರ ತೆಗೆದರು. ಮಗಳ ಕಡೆ ತಿರುಗಿ, "ನಿಮ್ಮ ಮನೇದು ಒಂದು ಹಳೇ ಬಟ್ಟೆ ತಗೊಂಡು ಬಾ" ಅಂದರು.

ಮಗಳು ಓಡಿಹೋಗಿ ತನ್ನ ಹರಿದ ಯೂನಿಫಾರಂ ಅಂಗಿ ತಂದಳು. ನಾನು ಮೈಕುಗಳನ್ನು ಸ್ಟ್ಯಾಂಡಿನಿಂದ ಕಳಚಿ ನೆಲಕ್ಕೆ, ಕೌದಿಯ ಮೇಲೆ ಇಟ್ಟೆ. ಇಬ್ಬರೂ ನೆಲದ ಮೇಲೆ ಕೂತರು. ರೀಸೆಟ್ ಒತ್ತಿದೆ.

ರೆಕಾರ್ಡಿಂಗ್ ಮೊದಲ ಅರ್ಧ ನಿಮಿಷ ಬರೀ ಕತ್ತರಿ ಸದ್ದು. ಆಮೇಲೆ ದಾರ ಎಳೆಯುವ ಸುಯ್. ಆಮೇಲೆ ಮಗಳ ದನಿ, "ಇದರಾಗ ಯಾರ್ಯಾರ ಬಟ್ಟಿ ಅದಾವ ಅಜ್ಜಿ?" ಅಜ್ಜಿ ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ಹೇಳುತ್ತಾ ಹೋಗುತ್ತಾರೆ. ತಂಗಿಯ ಸೀರೆ, ದೊಡ್ಡ ಮಗನ ಲುಂಗಿ, ಕೂಲಿಗೆ ಹೋಗುತ್ತಿದ್ದ ಮನೆಯವರು ಕೊಟ್ಟ ರವಿಕೆ, ಪಕ್ಕದ ಮನೆಯ ಸತ್ತ ಮಗುವಿನ ಅಂಗಿ. ಪೇಟೆಯಲ್ಲಿ ಜನ ಯಾವ ದೇಶದವರು ಅಂತ ಕೇಳುತ್ತಾರೆ, ಮೂರು ತಲೆಮಾರಿನ ಬಟ್ಟೆ ಇದರಲ್ಲೇ ಇದೆ ನೋಡು ಅಂತ ಒಂದು ಕಡೆ ಹೇಳುತ್ತಾರೆ. ಪಾರಿವಾಳ ಎರಡು ಸಲ ಕೂಗುತ್ತದೆ. ಹತ್ತನೇ ನಿಮಿಷಕ್ಕೆ ಹಸಿರು ದೀಪ ಹತ್ತಿದ್ದು ನನಗೆ ಕಂಡಿತು. ಒಂದು ಮೂಲೆ ಮುಗಿದಿತ್ತು, ಇನ್ನೂ ಏಳು ಮೂಲೆ ಇದ್ದವು. ಟೈಮರಿನ ಬ್ಯಾಟರಿ ತೆಗೆದಿಟ್ಟು ರೆಕಾರ್ಡರನ್ನು ಹಾಗೇ ಬಿಟ್ಟೆ.